ಮಡ್ಕಯಿ ಚಾಳಿನ ಒಂದೇ ಹೊಟ್ಟೆ

ಪುಕ್ಕಟೆ ಕೊಡುವವರನ್ನು ನಾನು ನಂಬುವುದಿಲ್ಲ. ಪುಕ್ಕಟೆ ಕೇಳುವವರನ್ನಂತೂ ಅಂಗಡಿಯ ಮೆಟ್ಟಿಲು ಹತ್ತಿಸುವುದಿಲ್ಲ. ಬೈಲಹೊಂಗಲದಿಂದ ಗೋವೆಗೆ ಬಂದು, ಮಡ್ಕಯಿಯ ಕಾರ್ಖಾನೆಗಳ ಬೆನ್ನಿಗೆ ಕೂಲಿಕಾರರ ಚಾಳಿನ ಬಾಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡ ಬಸವಂತಪ್ಪ ನಾನು. ಸಂಶಯ ನನ್ನ ಹುಟ್ಟುಗುಣವಲ್ಲ, ಕಸುಬು. ಅಕ್ಕಿಯನ್ನು ಮೂಸಿ ನೋಡುವವನು ಕೊಳ್ಳುತ್ತಾನೋ, ಹರಟೆ ಹೊಡೆದು ಹೋಗುತ್ತಾನೋ ಎಂಬುದು ಅವನ ಮೂಗು ನೋಡಿದರೇ ನನಗೆ ತಿಳಿಯುತ್ತದೆ. ಹೀಗಿರುವಾಗ ಪಣಜಿಯಿಂದ ಜೀಪಿನಲ್ಲಿ ಬಂದ ಡಾಕ್ಟರಮ್ಮ ಒಬ್ಬರು ನನ್ನ ಅಂಗಡಿಯ ಮುಂದೆಯೇ ನಿಂತು, ಲೋಕದಲ್ಲಿ ಯಾರೂ ಯಾರಿಂದಲೂ ಬೇಡದ ವಸ್ತುವನ್ನು ಬೇಡಿದರೆ ನನ್ನ ಕಿವಿ ನಿಮಿರದೆ ಏನು ಮಾಡೀತು?

ಆ ವಸ್ತುವಿನ ಹೆಸರನ್ನು ನಾನು ಬರೆಯುವುದಿಲ್ಲ. ಮನುಷ್ಯ ದಿನಾ ಬೆಳಿಗ್ಗೆ ಹೋಗಿ ಬಿಟ್ಟು ಬರುವಂಥದು, ಬಿಟ್ಟು ಬಂದ ಮೇಲೆ ತಿರುಗಿ ನೋಡದಂಥದು. ವ್ಯಾಪಾರದವನಾದ್ದರಿಂದ ಅದನ್ನು ಮಾಲು ಎನ್ನುತ್ತೇನೆ.

ಡಾಕ್ಟರ ಹೆಸರು ಜೈನಬ, ಊರು ವಿಜಯಪುರ. ಅವರು ನಮ್ಮ ಭಾಷೆಯಲ್ಲೇ ಮಾತಾಡಿದರು. ಇದೂ ನನಗೆ ಸರಿ ಕಾಣಲಿಲ್ಲ. ಗೋವೆಯಲ್ಲಿ ನಮ್ಮ ಭಾಷೆಯಾಡುತ್ತ ಬರುವ ಅಧಿಕಾರಿ ಏನನ್ನಾದರೂ ಒಯ್ಯಲಿಕ್ಕೇ ಬಂದಿರುತ್ತಾನೆ. ಅವರ ಪಕ್ಕದಲ್ಲಿ ಬರ್ಫದ ಪೆಟ್ಟಿಗೆ ಹಿಡಿದು ನಿಂತವಳು ಗೀತಾಂಜಲಿ, ನಮ್ಮ ಚಾಳಿನ ಕಂಠೆಪ್ಪನ ಮಗಳು. ಫೋಂಡಾದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಪಣಜಿಯ ಆ ಸಂಶೋಧನಾ ಸಂಸ್ಥೆಯಲ್ಲಿ ಟೆಂಪರವರಿ ಕೆಲಸಕ್ಕೆ ಸೇರಿದ್ದಳು. ನಮ್ಮ ಚಾಳಿನ ಕೆಲಸ ಚೆನ್ನಾಗಿ ಆದರೆ ಕಾಯಂ ಮಾಡುತ್ತೇವೆಂದು ಹೇಳಿದ್ದರು.

“ನಮ್ಮೆಲ್ಲಾರ ಹೊಟ್ಟಿಯೊಳಗ ಕಣ್ಣಿಗೆ ಕಾಣಲಾರದ ಜೀವಿ ಕೋಟಿಗಟ್ಟಲೆ ಅದಾವ್ರಿ,” ಎಂದರು ಜೈನಬ. “ಉಂಡದ್ದು ಅರಗಸೂದು, ಜಡ್ಡು ತಡಿಯೂದು, ಭಾಳಷ್ಟು ಕೆಲಸ ಅವ ಮಾಡತಾವು. ನಮ್ಮ ಕಡಿಯಿಂದ ಗೋವಾಕ್ಕ ದುಡಿಯಾಕ ಬಂದವರ ಹೊಟ್ಟಿಯೊಳಗ ಅವು ಹ್ಯಾಂಗ ಬದಲಾಗತಾವು ಅಂತ ನೋಡಾಕತ್ತೇವಿ. ಮನಿಗೊಬ್ಬರು ಹೆಸರು ಹೇಳಿ ಈ ಡಬ್ಬ್ಯಾಗ ಒಂದು ಕಡ್ಲಿಕಾಳಿನಷ್ಟು ಕೊಟ್ರ ಸಾಕು.”

“ಒಯ್ದು ಏನ್ ಮಾಡತೀರ್ರಿ?” ಎಂದ ಗೋದಾಮಿನ ಹಮಾಲ ಕೇಶಪ್ಪ.

“ಓದತೇವ್ರಿ.”

“ಅದರಾಗ ಓದೂದು ಏನೈತ್ರಿ ಬಾಯಾರ?” ಎಂದಳು ಪ್ಯಾಕಿಂಗ್ ಕೆಲಸಕ್ಕೆ ಹೋಗುವ ದ್ರಾಕ್ಷಾಯಿಣಿ. “ನಾವೇನು ಬರದು ಹಾಕೇವೇನು?”

ಎಲ್ಲರೂ ನಕ್ಕರು, ಎಲ್ಲರೂ ಡಬ್ಬಿ ಇಸಿದುಕೊಂಡರು. ನಮ್ಮ ಕಡೆಯವರಿಗೆ ಎದುರಿಗೆ ಒಲ್ಲೆ ಎನ್ನಲು ಬಾರದು. ಹೆಸರು ಬರೆಸಿ, “ಕೊಡತೇವ್ರಿ, ಅದಕ್ಕೇನಂತ” ಎಂದು ಜೀಪು ತಿರುವು ದಾಟುವವರೆಗೂ ಕೈ ಬೀಸಿದರು. ಆಮೇಲೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಅಸಲು ಸಭೆ ಕೂತಿತು. ಇದು ಗುತ್ತಿಗೆದಾರನ ಕೆಲಸ, ಯಾರು ಕುಡಿಯುತ್ತಾರೆಂದು ಪತ್ತೆ ಹಚ್ಚುತ್ತಾರೆ ಎಂದ ಕೇಶಪ್ಪ; ಅವನ ಬಾಯಿಂದ ಉರಾಕಿನ, ಗೇರುಹಣ್ಣಿನ ಸಾರಾಯಿಯ, ವಾಸನೆ ಬರುತ್ತಿತ್ತು. ಕೂದಲು, ಉಗುರು ಸಿಕ್ಕರೇ ಮಾಟ ಮಾಡುತ್ತಾರೆ, ಇದು ಸಿಕ್ಕರೆ ಬಿಡುತ್ತಾರೆಯೇ ಎಂದಳು ದ್ರಾಕ್ಷಾಯಿಣಿ. ಫೋರ್ಕ್‌ಲಿಫ್ಟ್ ಓಡಿಸುವ ಉಸ್ಮಾನ, ಒಂದೊಂದು ಖೋಲಿಯಲ್ಲಿ ಎಷ್ಟು ಮಂದಿ ಇದ್ದಾರೆಂದು ತಿಳಿಯಲು ಭಾಟಕಾರನೇ ಕಳಿಸಿರಬೇಕು ಎಂದ. ಭಾಟಕಾರನೆಂದರೆ ಚಾಳಿನ ಮಾಲೀಕ; ಬಾವಿಯೂ ಅವನದೇ. ನನಗಂತೂ ಎಲ್ಲರ ಮಾತೂ ಖರೆ ಇರಬಹುದೆಂದು ಅನ್ನಿಸಿತು.

ಮರುದಿನ ಗೀತಾಂಜಲಿ ಬರ್ಫದ ಪೆಟ್ಟಿಗೆ ಹಿಡಿದು ಮನೆಮನೆ ತಿರುಗಿದಳು. ಖಾಲಿ ಪೆಟ್ಟಿಗೆ ಹಿಡಿದು ಮರಳಿದಳು. ಒಬ್ಬರಿಗೆ ಬಂದಿರಲಿಲ್ಲ, ಇನ್ನೊಬ್ಬರಿಗೆ ಬಂದಾಗ ಡಬ್ಬಿಯ ನೆನಪಾಗಿರಲಿಲ್ಲ. ದ್ರಾಕ್ಷಾಯಿಣಿಯ ಡಬ್ಬಿಯಲ್ಲಿ ಅರಿಶಿನಪುಡಿ ಇತ್ತು. ಮುಚ್ಚಳ ಭಾಳ ಬಿಗಿಯಾಗಿದೆ ಎಂದು ಹೊಗಳಿ ಕಳಿಸಿದಳು. ಇನ್ನೊಂದು ವಾರದಲ್ಲಿ ಡಬ್ಬಿಗಳು ಬಾರದಿದ್ದರೆ ಮಡ್ಕಯಿ ಬಿಟ್ಟು ಕಲಂಗುಟ್ಟಿನ ಹೋಟೆಲು ಕೆಲಸಗಾರರ ಕಡೆಗೆ ಹೋಗುತ್ತೇವೆ, ಅಲ್ಲಿ ಬೇರೆ ಹುಡುಗಿ ಇದ್ದಾಳೆ ಎಂದು ಪಣಜಿಯ ದೊಡ್ಡ ಸರ್ ಹೇಳಿದರಂತೆ. ಹುಡುಗಿ ಬಾವಿಯ ಹತ್ತಿರ ಕೂತು ಅತ್ತಳು. ಅದನ್ನು ಕಂಠೆಪ್ಪ ನೋಡಿದ.

ಈ ಕಂಠೆಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ಅವನ ಕಸುಬು ಬದಲಿ ಹೋಗುವುದು. ಕಾರ್ಖಾನೆಯಲ್ಲಿ ಯಾರಾದರೂ ಊರಿಗೆ ಹೋದರೆ, ಕಾಲು ಮುರಿದುಕೊಂಡರೆ, ಮದುವೆ ಮಾಡಿಕೊಂಡರೆ ಅವರ ಜಾಗದಲ್ಲಿ ಇವನು ನಿಲ್ಲುತ್ತಾನೆ. ಗುತ್ತಿಗೆದಾರನಿಗೆ ತಲೆ ಬೇಕು, ತಲೆಯ ಹೆಸರು ಬೇಕಿಲ್ಲ; ಹೆಸರು ಕರೆದಾಗ ಹಾಜರ ಎಂದರೆ ಆಯಿತು. ಒಂದೇ ವಾರದಲ್ಲಿ ಅವನು ಉಸ್ಮಾನನೂ ಕೇಶಪ್ಪನೂ ಒಬ್ಬ ಒಡಿಶಾದ ಹುಡುಗನೂ ಆಗಿದ್ದುಂಟು. ಬದಲಿ ಹೋಗಿ ಮಾಡಲಾಗದ ಕೆಲಸ ಈ ಭೂಮಿಯ ಮೇಲೆ ಇಲ್ಲವೆಂದು ಅವನ ನಂಬಿಕೆ. ಆ ನಂಬಿಕೆಯಲ್ಲಿ ಸ್ವಲ್ಪ ಜಂಬವೂ ಇತ್ತು.

ಅಂದು ಸಂಜೆ ಅವನು ನನ್ನ ಅಂಗಡಿಗೆ ಬಂದು ಬೆಲ್ಲದ ಡಬ್ಬಿಯ ಹಿಂದೆ ಬಗ್ಗಿ ನಿಂತ.

“ಸಾವಕಾರ್ರ, ನಿಮಗ ಸಂಕೋಚ ಇದ್ರ ಡಬ್ಬಿ ನನಗ ಕೊಡ್ರಿ. ನಾ ಬದಲಿ ಹೋಗತೇನಿ. ಯಾರ ಮುಂದೂ ಬಾಯಿ ಬಿಡಾಂಗಿಲ್ಲ.”

ನಾನು ಡಬ್ಬಿ ಕೊಟ್ಟೆ. ಚಾಳಿನಲ್ಲಿ ಹೀಗೆ ಪಾರಾದವನು ನಾನೊಬ್ಬನೇ ಎಂದು ತಿಳಿದು ಆ ರಾತ್ರಿ ನೆಮ್ಮದಿಯಿಂದ ಮಲಗಿದೆ. ಕಂಠೆಪ್ಪ ಅದೇ ಮಾತನ್ನು ಅದೇ ದನಿಯಲ್ಲಿ ಕೇಶಪ್ಪನಿಗೂ ಉಸ್ಮಾನನಿಗೂ ದ್ರಾಕ್ಷಾಯಿಣಿಗೂ, ಚಾಳಿನ ಪ್ರತಿಯೊಂದು ಬಾಗಿಲಿನಲ್ಲೂ ಹೇಳಿದ್ದ. ಪ್ರತಿಯೊಬ್ಬರೂ ತಾವೊಬ್ಬರೇ ಜಾಣರೆಂದು ತಿಳಿದು ಮಲಗಿದ್ದರು. ಇದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಮರ್ಯಾದೆ ಹೋಗುವ ಹೊತ್ತಿಗೆ.

ಆದರೆ ಕಂಠೆಪ್ಪ ಕಳ್ಳ ಕೆಲಸವನ್ನೂ ನಿಯತ್ತಿನಿಂದ ಮಾಡುವವನು. ಬದಲಿ ಹೋದವನು ಮೂಲದವನ ಹಾಗೆಯೇ ಕೆಲಸ ಮಾಡಬೇಕು. ಉಸ್ಮಾನನ ಡಬ್ಬಿ ತುಂಬುವುದಿದ್ದರೆ ಹಿಂದಿನ ದಿನ ಉಸ್ಮಾನನ ಮನೆಯ ಊಟವನ್ನೇ ಉಣ್ಣಬೇಕು. ಹೀಗಾಗಿ ಒಂದು ದಿನ ದ್ರಾಕ್ಷಾಯಿಣಿಯ ಮನೆಯಿಂದ ಪುಂಡಿಪಲ್ಯ, ರೊಟ್ಟಿ ಬಂತು, ಒಂದು ದಿನ ಉಸ್ಮಾನನ ಮನೆಯಿಂದ ಬಿರಿಯಾನಿ, ಮತ್ತೊಂದು ದಿನ ಕೇಶಪ್ಪನಲ್ಲಿಂದ ಬಾಂಗಡೆ ಮೀನಿನ ಸಾರು. ನಾನೂ ಹೆಸರುಕಾಳಿನ ಪಲ್ಯ, ಚಪಾತಿ ಕಳಿಸಿದೆ.

ಅವನ ಹೆಂಡತಿ ಬಾಳಮ್ಮ ಇದನ್ನೆಲ್ಲ ನೋಡುತ್ತ ಸುಮ್ಮನಿದ್ದಾಳೆಯೇ? ಪುಂಡಿಪಲ್ಯ ಬಂದ ದಿನವೇ ನನ್ನ ಅಂಗಡಿಗೆ ಬಂದಳು.

“ಸಾವಕಾರ್ರ, ನನ್ನ ಗಂಡಗ ದ್ರಾಕ್ಷಾಯಿಣಿ ಯಾಕ ಪಲ್ಯಾ ಕಳಸಾಕತ್ತಾಳು?”

“ಗೊತ್ತಿಲ್ರಿ ಯವ್ವಾ.”

“ಮುಂಜಾನೆದ್ದು ಕೈಚೀಲ ತಗೊಂಡು ಸಂಡಾಸಿಗೆ ಹೋಗತಾನ. ಅರ್ಧಾ ತಾಸು ಬರಾಂಗಿಲ್ಲ. ಕೇಳಿದ್ರ, ಡ್ಯೂಟಿ ಐತಿ ಅಂತಾನ. ಸಂಡಾಸದಾಗ ಎಂಥಾ ಡ್ಯೂಟಿ?”

ದ್ರಾಕ್ಷಾಯಿಣಿಯ ಮೇಲೆ ಅವಳ ಸಂಶಯ ಇನ್ನೇನು ಗಟ್ಟಿಯಾಗಬೇಕು, ಅಷ್ಟರಲ್ಲಿ ಉಸ್ಮಾನನ ಮನೆಯ ಬಿರಿಯಾನಿ ಬಂದು ಅದನ್ನು ಕೆಡಿಸಿತು. ಬಾಳಮ್ಮ ಬಿರಿಯಾನಿಯ ಪಾತ್ರೆಯನ್ನು ಬಹಳ ಹೊತ್ತು ನೋಡಿ, ಗಂಡನಿಗೆ ಏನೋ ದೊಡ್ಡ ರೋಗವಿದೆ, ಎಲ್ಲರಿಗೂ ಗೊತ್ತಾಗಿ ಕಡೆಯ ಊಟ ಹಾಕುತ್ತಿದ್ದಾರೆ ಎಂದು ತೀರ್ಮಾನಿಸಿ ಅಳುತ್ತ ಹೋದಳು. ವಾರ ಮುಗಿಯುವ ಹೊತ್ತಿಗೆ ಡಬ್ಬಿಗಳೆಲ್ಲ ತುಂಬಿ ಗುಟ್ಟಾಗಿ ಅವರವರ ಮನೆ ಸೇರಿದವು. ಗೀತಾಂಜಲಿ ಪ್ರತಿ ಮನೆಯ ಬಾಗಿಲಿನಲ್ಲಿ ಇಸಿದುಕೊಂಡು, ಕೈ ಮುಗಿದು, ಬರ್ಫದಲ್ಲಿಟ್ಟು ಪಣಜಿಗೆ ಒಯ್ದಳು. ಅಂದು ಅವಳ ಮುಖ ನೋಡಿ ನನಗೇ ಸಂತೋಷವಾಯಿತು. ನನ್ನ ಡಬ್ಬಿಯಲ್ಲಿ ನನ್ನ ಮಾಲಿಲ್ಲವಲ್ಲ ಎಂಬುದು ಆಗ ನೆನಪಾಗಲಿಲ್ಲ.

ತಿಂಗಳುಗಳು ಕಳೆದವು. ಮಳೆಗಾಲ ಮುಗಿದ ಮೇಲೆ ಜೈನಬ ಮಿಠಾಯಿ ಪೆಟ್ಟಿಗೆಯೊಂದಿಗೆ ಬಂದರು. ಪುಕ್ಕಟೆ ಮಿಠಾಯಿ ಕಂಡು ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ನಿಮ್ಮ ಸಲುವಾಗಿ ನಮ್ಮ ದೊಡ್ಡ ಸರ್‌ಗೆ ನಿದ್ದಿ ಇಲ್ರಿ,” ಎಂದರು. “ಒಂದ ತಾಯಿ ಮಕ್ಕಳದೂ ಹಿಂಗ ಇರಾಂಗಿಲ್ಲ. ಗಂಡಸರು, ಹೆಂಗಸರು, ಹಿಂದೂ, ಮುಸಲ್ಮಾನ, ಸಾವಕಾರ್ರು, ಹಮಾಲರು, ಇಡೀ ಚಾಳಿನ ಹೊಟ್ಟಿಯೊಳಗ ಒಂದ ನಮೂನಿ ಜೀವಿ ಅದಾವು. ನಿಮ್ಮ ನೀರಿನೊಳಗ ಏನೋ ಐತಿ ಅಂತಾರ ಸರ್. ವಿಜ್ಞಾನದ ಪತ್ರಿಕೆಗೆ ದೊಡ್ಡ ಲೇಖನ ಬರದು ಕಳಿಸ್ಯಾರ.”

ನನ್ನ ಡಬ್ಬಿಯಲ್ಲಿದ್ದದ್ದು ಕಂಠೆಪ್ಪನದು. ಅದು ನನಗೊಬ್ಬನಿಗೆ ಗೊತ್ತು. ಹಾಗಾದರೆ ಉಳಿದವರ ಖರೆ ಹೊಟ್ಟೆಗಳೂ ಕಂಠೆಪ್ಪನ ಹೊಟ್ಟೆಯಂತೆಯೇ ಇವೆಯೇ? ಎಲ್ಲರೂ ಇದನ್ನೇ ಯೋಚಿಸುತ್ತಿದ್ದರು, ಮತ್ತು ಎಲ್ಲರೂ ಕಂಠೆಪ್ಪನ ಕಡೆ ನೋಡುತ್ತಿದ್ದರು. ಅವನು ಮಿಠಾಯಿ ತಿನ್ನುತ್ತಿದ್ದ.

ಜೀಪು ಹೋದ ಮೇಲೆ ದ್ರಾಕ್ಷಾಯಿಣಿ ಮೆಲ್ಲಗೆ ಕೇಳಿದಳು, “ಸಾವಕಾರ್ರ, ಹೊಟ್ಟಿ ಒಬ್ಬರಿಂದ ಒಬ್ಬರಿಗೆ ಹತ್ತತೈತೇನ್ರಿ?”

“ಯಾಕ ಕೇಳತಿ?”

“ಸುಮ್ನ ಕೇಳಿದೆ. ಇತ್ಲಾಗ ನನಗ ಕಂಠೆಪ್ಪಣ್ಣನಂಗ ತೇಗು ಬರಾಕತ್ತಾವು.”

ಮರುದಿನದಿಂದ ಕಂಠೆಪ್ಪ ಬಾವಿಗೆ ಕೊಡ ಇಳಿಸಿದರೆ ಹೆಂಗಸರು ಹಗ್ಗವನ್ನು ತೊಳೆದು ಮುಟ್ಟತೊಡಗಿದರು. ಕೇಶಪ್ಪ ಅವನ ಬೀಡಿಯಿಂದ ತನ್ನ ಬೀಡಿ ಹಚ್ಚಿಕೊಳ್ಳುವುದನ್ನು ಬಿಟ್ಟ. ನಾನೂ ಅವನು ಮುಟ್ಟಿದ ಅಕ್ಕಿಯನ್ನು ಬೇರೆ ಇಟ್ಟೆ. ನೀರಿನ ಮಾತು ಭಾಟಕಾರನ ಕಿವಿಗೂ ಬಿತ್ತು. ಅವನು ಬಂದು ಬಾವಿಯ ಕಟ್ಟೆ ಬಡಿದು, “ಮ್ಹಜೇ ಬಾಂಯ್ಚೆಂ ಉದಕ ವಾಯಟ ನಾ” ಎಂದ. ತನ್ನ ಬಾವಿಯ ನೀರು ಕೆಟ್ಟಿಲ್ಲ, ಕೆಟ್ಟದ್ದೇನಿದ್ದರೂ ನಮ್ಮ ಹೊಟ್ಟೆ ಎಂದು ಅವನ ತಾತ್ಪರ್ಯ. ಹಾಗೆಂದು ಸಾಬೀತಾಗದಿದ್ದರೆ ಖೋಲಿ ಖಾಲಿ ಮಾಡಿ ಎಂದೂ ಹೇಳಿ ಹೋದ.

ಹದಿನೈದು ದಿನಕ್ಕೆ ಜೈನಬ ಮತ್ತೆ ಬಂದರು. ಈ ಸಲ ಮಿಠಾಯಿ ಇರಲಿಲ್ಲ. ಅಂಗಡಿಯ ಮುಂದೆ ಕುರ್ಚಿ ಹಾಕಿಸಿ ಕೂತರು. ಗೀತಾಂಜಲಿ ಪಕ್ಕದಲ್ಲಿ ನಿಂತಳು.

“ಪತ್ರಿಕೆಯವರು ಲೇಖನ ತಿರುಗಿ ಕಳಿಸ್ಯಾರ್ರಿ,” ಎಂದರು. “ನಮ್ಮ ಸರ್ ಬರೆದದ್ದು ಇಷ್ಟ: ಮಡ್ಕಯಿಯಿಂದ ಸ್ಯಾಂಪಲ್ ತರಲಾಯಿತು. ಈಗ ಅದು ನಡಿಯಾಂಗಿಲ್ಲ. ಏನ್ ಸಿಕ್ತು ಅನ್ನೂದರ ಜೋಡಿ ಹ್ಯಾಂಗ ಸಿಕ್ತು ಅನ್ನೂದೂ ಬರೀಬೇಕು. ಯಾರು ಕೊಟ್ರು, ಯಾವಾಗ ಕೊಟ್ರು, ಹಿಂದಿನ ದಿನ ಏನ್ ಉಂಡಿದ್ರು, ಯಾವ ಗುಳಿಗಿ ನುಂಗಿದ್ರು, ಎಷ್ಟೊತ್ತು ಬರ್ಫದಾಗಿತ್ತು, ಯಾರನ್ನ ಬಿಟ್ವಿ, ಯಾಕ ಬಿಟ್ವಿ. ಇಲ್ಲಂದ್ರ ಒಂದ ಕೆಲಸ ಹತ್ತು ಮಂದಿ ಮಾಡಿ ಹತ್ತು ನಮೂನಿ ಉತ್ತರ ತರತಾರ, ಯಾಕ ಅಂತ ಯಾರಿಗೂ ತಿಳಿಯಾಂಗಿಲ್ಲ. ಇದನ್ನ ನಾವು ಮೊದಲ ಕೇಳಬೇಕಾಗಿತ್ತು. ತಪ್ಪು ನಮ್ಮದ.”

ತಪ್ಪು ತಮ್ಮದೆನ್ನುವ ಅಧಿಕಾರಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಸಂಶಯ ದುಪ್ಪಟ್ಟಾಯಿತು.

ಮೊದಲು ಉಸ್ಮಾನನ ಪಾಳಿ. “ಗೀತಾ ಡಬ್ಬಿ ಒಯ್ದ ಸೋಮವಾರ ಮುಂಜಾನೆ ಎಷ್ಟು ಗಂಟೆಗೆ ಕೊಟ್ರಿ?”

“ಸೋಮವಾರ? ಅವತ್ತ ನಾನು ಹುಬ್ಬಳ್ಳಿಯೊಳಗಿದ್ದೆರಿ, ತಂಗಿ ಮದುವಿಗೆ.”

“ಮತ್ತ ಡಬ್ಬಿ ಇಲ್ಲಿ ಹ್ಯಾಂಗ ಬಂತು?”

ಉಸ್ಮಾನ ಆಕಾಶ ನೋಡಿದ. “ಮನಿಯವರು ಕೊಟ್ಟಿರಬೇಕ್ರಿ.”

“ನಿಮ್ಮದನ್ನ?”

ದ್ರಾಕ್ಷಾಯಿಣಿಗೆ ಏನು ಉಂಡಿದ್ದೆ ಎಂದರೆ ಉಪವಾಸವಿತ್ತು ಎಂದಳು. ಎಷ್ಟು ದಿನ ಎಂದರೆ ಆ ವಾರವೆಲ್ಲ ಎಂದಳು. ಕೇಶಪ್ಪ, ಕುಡಿತದ ಮಾತು ಬರುವ ಮೊದಲೇ, ತಾನು ಹುಟ್ಟಿದಂದಿನಿಂದ ಹಾಲನ್ನು ಬಿಟ್ಟು ಏನನ್ನೂ ಕುಡಿದಿಲ್ಲವೆಂದ. ಜೈನಬರ ಹುಬ್ಬು ಒಂದೊಂದು ಉತ್ತರಕ್ಕೂ ಮೇಲೇರುತ್ತಿತ್ತು. ಗೀತಾಂಜಲಿಯ ಮುಖ ಬಾಡುತ್ತ ಬಂತು. ಕಡೆಗೆ ನನ್ನ ಪಾಳಿ. ನಾನು ಸಾವಕಾಶವಾಗಿ ಕೈ ಒರೆಸಿಕೊಂಡು ಕೂತೆ. ಸುಳ್ಳು ಹೇಳುವುದನ್ನು ಈ ಮಂದಿಗೆ ಒಮ್ಮೆ ತೋರಿಸಿಕೊಡಬೇಕೆಂದಿದ್ದೆ.

“ಹಿಂದಿನ ದಿನ ಏನು ಉಂಡಿದ್ರಿ, ಸಾವಕಾರ್ರ?”

“ಚಪಾತಿ, ಹೆಸರುಕಾಳ ಪಲ್ಯಾ, ಮಜ್ಜಿಗಿ.”

“ಮತ್ತೇನೂ ಇಲ್ಲ?”

“ಮತ್ತೇನೂ ಇಲ್ಲ. ನಾವು ಲಿಂಗಾಯತರು.”

ಜೈನಬ ತಮ್ಮ ಹಾಳೆ ನೋಡಿದರು, ನನ್ನನ್ನು ನೋಡಿದರು, ದನಿ ಇಳಿಸಿದರು. ಇಳಿಸಿದ ದನಿಯೂ ಚಾಳಿನ ಕಡೆಯ ಖೋಲಿಯವರೆಗೆ ಕೇಳಿಸಿತು. “ನಿಮ್ಮ ಸ್ಯಾಂಪಲಿನೊಳಗ ಮೀನ ಸಿಕ್ಕೈತ್ರಿ. ಬಾಂಗಡೆ.”

ನನ್ನ ಹೆಂಡತಿ ಶರಣಮ್ಮ ಅಂಗಡಿಯ ಹಿಂದಿನ ಪರದೆ ಸರಿಸಿ ಹೊರಗೆ ಬಂದಳು. ಇಷ್ಟು ವರ್ಷ ಗೋವೆಯಲ್ಲಿದ್ದು ಮೀನಿನ ಬುಟ್ಟಿ ಬಂದರೆ ಮೂಗು ಮುಚ್ಚಿದ ಮನೆತನ ನಮ್ಮದು. ಇಡೀ ಚಾಳು ನನ್ನ ಬಾಯಿಯನ್ನೇ ನೋಡುತ್ತಿತ್ತು, ಒಳಗೆ ಮುಳ್ಳು ಕಾಣಬಹುದೇನೋ ಎಂಬಂತೆ. “ಅದಕ್ಕ ಫೋಂಡಾದ ಸಂತಿಗೆ ಒಬ್ಬರ ಹೋಗತಿದ್ರು,” ಎಂದ ಕೇಶಪ್ಪ.

ಲೋಕ ಹಾಳಾಗಿ ಹೋಗಲಿ, ಬಾಂಗಡೆಯ ಅಪವಾದ ನಾನು ಹೊರಲಾರೆ. “ಅದು ನಂದಲ್ರಿ,” ಎಂದೆ. “ಕಂಠೆಪ್ಪಂದು. ಅವ ನನ್ನ ಬದಲಿ ಹೋಗಿದ್ದ.”

ಆಮೇಲೆ ದ್ರಾಕ್ಷಾಯಿಣಿ, “ಹಂಗಾದ್ರ ನಂದೂ ಅಲ್ರಿ,” ಎಂದಳು. ಉಸ್ಮಾನ ತನ್ನದೂ ಅಲ್ಲವೆಂದ. ಕೇಶಪ್ಪನಂತೂ ತನ್ನದು ಅಲ್ಲವೇ ಅಲ್ಲವೆಂದ. ಕಡೆಯ ಖೋಲಿಯ ಮುದುಕಿಯವರೆಗೆ ಎಲ್ಲರೂ ಒಬ್ಬರ ಮೇಲೊಬ್ಬರು ಕೂಗಿ ಕೈ ತೊಳೆದುಕೊಂಡರು. ಒಬ್ಬರನ್ನೊಬ್ಬರು ನೋಡಿ, ನೀನೂ ಕೊಟ್ಟಿದ್ದೆಯಾ ಎಂದು ಬೈದುಕೊಂಡರು. ಬಾಳಮ್ಮ ಮಾತ್ರ, ಗಂಡನಿಗೆ ರೋಗವಿಲ್ಲವೆಂದು ತಿಳಿದು ಸಂತೋಷದಿಂದ ಅತ್ತಳು.

ಗೀತಾಂಜಲಿ ಅಪ್ಪನ ಕಡೆ ತಿರುಗಿದಳು. “ಅಪ್ಪಾ, ಎಷ್ಟು ಡಬ್ಬಿ ನಿಂದು?”

ಕಂಠೆಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. “ಎಲ್ಲಾ ನಂದ ಯವ್ವಾ. ಕೆಲಸ ನಿಲ್ಲಬಾರದಂತ ಬದಲಿ ಹೋದೆ. ನಿನ್ನ ನೌಕರಿ ಹೋಗತೈತಿ ಅಂದ್ರಲ್ಲಾ.” ಆಮೇಲೆ ಜೈನಬರ ಕಡೆ ತಿರುಗಿ ಕೈಮುಗಿದ. “ಬಾಯಾರ, ಆಕಿಗೆ ಏನೂ ಗೊತ್ತಿಲ್ರಿ. ಆಕಿನ್ನ ತಗೀಬ್ಯಾಡ್ರಿ.”

ಹುಡುಗಿ ಅಳಲಿಲ್ಲ. “ಬರಕೊಳ್ರಿ ಮೇಡಂ,” ಎಂದಳು. “ಎಲ್ಲಾ ನಮ್ಮಪ್ಪಂದು. ಪ್ರತಿ ಬಾಗಲದಾಗ ನಿಂತು ನಾನ ಇಸಕೊಂಡೆ. ಇದು ಖರೇ ನಿಮ್ಮದೇನು ಅಂತ ಒಬ್ಬರನ್ನೂ ಕೇಳಲಿಲ್ಲ. ಅದನ್ನೂ ಬರೀರಿ.”

ನನಗೆ ಆಗ ಬಾಂಗಡೆಗಿಂತ ಹೆಚ್ಚಿನ ನಾಚಿಕೆಯಾಯಿತು. ಆ ಹುಡುಗಿಯನ್ನು ಆ ಕುರ್ಚಿಯ ಮುಂದೆ ನಿಲ್ಲಿಸಿದವರು ನಾವು, ಅವಳಪ್ಪನಲ್ಲ.

ಬಾವಿಗೆ ಬಂದ ಅಪವಾದ ಹೋಯಿತು. ಭಾಟಕಾರ ಅಂದೇ ಬಾವಿಗೆ ಹೂವಿನ ಹಾರ ಹಾಕಿದ. ಪಣಜಿಯ ದೊಡ್ಡ ಸರ್ ಲೇಖನ ಹಿಂದಕ್ಕೆ ಪಡೆದು, ಮೊದಲು ಆ ಹುಡುಗಿಯನ್ನು ತೆಗೆಯಿರಿ ಎಂದರಂತೆ. ಜೈನಬ ಹಟ ಹಿಡಿದು ಒಂದು ಅವಕಾಶ ತಂದರು. ಮೊದಲು ಹೆಸರು ಬರೆಸಿದ ಅದೇ ಮಂದಿ, ಎಲ್ಲರೂ, ಎಲ್ಲ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಮತ್ತೆ ಕೊಡಬೇಕು. ಒಂದು ಹೆಸರು ಕಡಿಮೆಯಾದರೂ ಮಡ್ಕಯಿಯ ಕೆಲಸ ಬಂದ್, ಗೀತಾಂಜಲಿಯ ಕೆಲಸವೂ ಬಂದ್.

ಯಾರೂ ಬರುವುದಿಲ್ಲವೆಂದು ನನಗೆ ಸಂಶಯವಿತ್ತು. ನನ್ನ ಸಂಶಯ ಜೀವಮಾನದಲ್ಲಿ ಒಮ್ಮೆ ತಪ್ಪಿತು. ಗೊತ್ತಾದ ದಿನ ಬೆಳಕು ಹರಿಯುವಾಗಲೇ ಅಂಗಡಿಯ ಮುಂದೆ ಸಾಲು ನಿಂತಿತ್ತು. ದ್ರಾಕ್ಷಾಯಿಣಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಕೇಶಪ್ಪ, ಹಿಂದಿನ ದಿನ ಎಷ್ಟು ಕುಡಿದೆನೆಂದು ತಾನಾಗಿ ಹೇಳಲು ತಯಾರಾಗಿ ಬಂದಿದ್ದ. ನಾನೂ ನಿಂತಿದ್ದೆ, ಶರಣಮ್ಮ ನನ್ನ ಬೆನ್ನಿಗೇ ನಿಂತಿದ್ದಳು, ನನ್ನ ಊಟಕ್ಕೆ ಸಾಕ್ಷಿ ಹೇಳಲು. ಎಲ್ಲರಿಗಿಂತ ಮುಂದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಂಠೆಪ್ಪ.

“ಹೆಸರು?” ಎಂದಳು ಗೀತಾಂಜಲಿ.

“ಅಪ್ಪನ ಹೆಸರು ಗೊತ್ತಿಲ್ಲೇನವಾ ನಿನಗ?”

“ಎಲ್ಲಾರನ್ನೂ ಕೇಳತೇನಿ. ಹೇಳ್ರಿ.”

ಕಂಠೆಪ್ಪ ಹೇಳಿದ. ಉಂಡದ್ದು ಹೇಳಿದ, ಮಲಗಿದ್ದು ಹೇಳಿದ, ಹೊತ್ತು ಹೇಳಿದ.

“ಈ ತಿಂಗಳ ಏನರ ಗುಳಿಗಿ ನುಂಗೀರೇನು?”

ಕಂಠೆಪ್ಪ ತಡೆದ. ಸಾಲಿನಲ್ಲಿದ್ದವರೆಲ್ಲ ಒಮ್ಮೆಲೇ ಕೆಮ್ಮಿದರು. ಕೇಶಪ್ಪ ಹಿಂದಿನಿಂದ ಇಲ್ಲವೆಂದು ತಲೆಯಾಡಿಸಿದ. ಬಾಳಮ್ಮ ಗಂಡನ ತೋಳು ಚಿವುಟಿದಳು. ಅವನು ಎಲ್ಲರನ್ನೂ ನೋಡಿ, ಕಡೆಗೆ ಮಗಳನ್ನು ನೋಡಿದ.

“ಹಲ್ಲು ಬಾತಿತ್ತು. ಔಷಧ ಅಂಗಡಿಯವ ಕೊಟ್ಟ. ಮೊನ್ನೆ ತನಕಾ ನುಂಗೇನಿ,” ಎಂದು ಜೇಬಿನಿಂದ ಗುಳಿಗೆಯ ಖಾಲಿ ಪಟ್ಟಿ ತೆಗೆದು ಕೊಟ್ಟ.

ಗೀತಾಂಜಲಿ ಪಟ್ಟಿಯನ್ನು ತಿರುಗಿಸಿ ಓದಿದಳು. “ಇದು ಹೊಟ್ಟಿಯೊಳಗಿನ ಜೀವಿ ಕೊಲ್ಲತೈತಿ. ನಿಮ್ಮದು ನಡಿಯಾಂಗಿಲ್ಲ.”

“ಒಂದು ಹೆಸರು ಕಡಿಮಿ ಆಗತೈತಲ್ಲ?”

“ಆಗಲಿ.”

“ನಿಮ್ಮಪ್ಪನ ಬದಲಿ ನಾ ಕೊಡತೇನಿ,” ಎಂದಳು ಬಾಳಮ್ಮ.

“ಬ್ಯಾಡ ಅವ್ವಾ. ಮುಂದಿನವರು ಬರ್ರಿ.”

ಜೈನಬ ಜೀಪಿನ ಹತ್ತಿರ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಅಲ್ಲಿಂದಲೇ ದೊಡ್ಡ ಸರ್‌ಗೆ ಫೋನು ಹಚ್ಚಿ ಹಿಂದಿಯಲ್ಲಿ ಮಾತಾಡಿದರು. ಒಂದು ಕಡಿಮೆಯಾಗಿದೆ, ಯಾಕೆ ಕಡಿಮೆಯಾಯಿತೆಂದು ಬರೆದಿದ್ದೇವೆ ಎಂದರು. ಯಾರದು ಎಂದು ಆ ಕಡೆಯಿಂದ ಕೇಳಿರಬೇಕು. ಹುಡುಗಿಯ ಅಪ್ಪನದು, ಅವಳೇ ತೆಗೆದಳು ಎಂದರು. ಅಪ್ಪನದನ್ನೇ ತೆಗೆದವಳ ಲೆಕ್ಕವನ್ನು ನಂಬಬಹುದಲ್ಲವೇ ಸರ್ ಎಂದೂ ಕೇಳಿದರು. ಸಾಲು ಮುಗಿದ ಮೇಲೆ ಬಂದು, “ಗೀತಾ, ಇಲ್ಲೀದು ಮುಗಿಸಿ ಕಲಂಗುಟ್ಟಕ್ಕ ಹೋಗಬೇಕು ನೀನು. ಅಲ್ಲೀದೂ ನಿನಗ ಕೊಟ್ಟಾರ. ಕಾಯಂ ಮಾಡ್ಯಾರ,” ಎಂದರು. ಗೀತಾಂಜಲಿ ಆಗ ಅತ್ತಳು.

ಅಂದು ಕಂಠೆಪ್ಪ ಕೆಲಸಕ್ಕೆ ಹೋಗಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ ಒಂದೇ ಸುದ್ದಿ ಹೇಳಿದ. ಉಪ್ಪಿಗೆ ಬಂದವರಿಗೆ ಹೇಳಿದ, ಪಾಳಿ ಮುಗಿಸಿ ಬಂದವರಿಗೆ ಹೇಳಿದ, ಭಾಟಕಾರನಿಗೆ ಅರೆಬರೆ ಕೊಂಕಣಿಯಲ್ಲಿ ಹೇಳಿದ. “ಅಪ್ಪಾ ಅಂತ ನೋಡಲಿಲ್ರಿ. ಮುಖದ ಮ್ಯಾಲ ಹೇಳಿದಳು, ನಿಮ್ಮದು ನಡಿಯಾಂಗಿಲ್ಲ ಅಂತ. ನನ್ನ ಮಗಳು, ನನ್ನನ್ನ ತಗದಳು.” ನೌಕರಿ ಕಾಯಂ ಆದದ್ದನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ. ಅದನ್ನು ನಾನೇ ಹೇಳಬೇಕಾಯಿತು.